ಬೀಟಾ ಫ್ರೇಮ್‌ವರ್ಕನ್ನು ಸೋರ್ಸ್‌ನಿಂದ ಬಿಲ್ಡ್ ಮಾಡಲು ಹೊರಟರೆ ಏನೇನು ಎದುರಾಗುತ್ತದೆ

ಕೊನೆಗೂ ಬಿಲ್ಡ್ ಮುಗಿಯಿತು. ಎಲ್ಲಾ ನೆನಪಿನಲ್ಲಿ ಇರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಕೆಲಸ ಇಷ್ಟೇ: ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಒಂದು ದೊಡ್ಡ ಗ್ರಾಫಿಕಲ್ ಫ್ರೇಮ್‌ವರ್ಕ್ (ಆ್ಯಪ್‌ಗಳ ಕಿಟಕಿ, ಮೆನುಗಳನ್ನು ಕಟ್ಟಲು ಬಳಸುವ ಕೋಡಿನ ಸಂಗ್ರಹ), ಅದರ ಬೀಟಾ, ಅಂದರೆ ಅಂತಿಮಕ್ಕೆ ಮುಂಚಿನ ಪರೀಕ್ಷಾ ಆವೃತ್ತಿಯನ್ನು ಲಿನಕ್ಸ್ ಕಂಪ್ಯೂಟರಿನಲ್ಲಿ ಸೋರ್ಸ್‌ನಿಂದ ಬಿಲ್ಡ್ ಮಾಡಬೇಕಿತ್ತು, ಅಂದರೆ ಮೂಲ ಕೋಡನ್ನು ಓಡಿಸಬಲ್ಲ ರೂಪಕ್ಕೆ ನಾನೇ ತರಬೇಕಿತ್ತು. ಫ್ರೇಮ್‌ವರ್ಕಿನ ಹೆಸರು ಹೇಳುವುದಿಲ್ಲ. ಬೀಟಾದಲ್ಲಿ ಇವತ್ತು ಇರುವ ತೊಡಕು ಮುಂದಿನ ತಿಂಗಳು ಇರುವುದಿಲ್ಲ, ಸುಮ್ನೆ ಹೆಸರು ಕೆಡಿಸುವುದೇಕೆ? ಅಲ್ಲದೆ ನನಗೆ ಬಂದ ತೊಂದರೆಗಳಲ್ಲಿ ಹೆಚ್ಚಿನವು ಯಾವ ದೊಡ್ಡ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟಿಗೆ ಕೈ ಹಾಕಿದರೂ ಬರುವಂಥವೇ.

ಬೀಟಾನೇ ಯಾಕೆ ಬೇಕಿತ್ತು ಅಂದರೆ, ನಾನು ನೋಡಿಕೊಳ್ಳುವ ಒಂದು ಚಿಕ್ಕ ಡ್ರಾಯಿಂಗ್ ಆ್ಯಪ್ ಇದೆ. ಸ್ಕ್ರೀನ್ ಸ್ಕೇಲನ್ನು 150 ಶೇಕಡಕ್ಕೆ ಇಟ್ಟುಕೊಂಡವರಿಗೆ ಅದರಲ್ಲಿ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು. ಲಿನಕ್ಸ್‌ನಲ್ಲಿ ಆ್ಯಪ್‌ಗಳನ್ನು ಸ್ಕ್ರೀನಿನ ಮೇಲೆ ತೋರಿಸುವ ವೇಲ್ಯಾಂಡ್ ಎಂಬ ವ್ಯವಸ್ಥೆಯಲ್ಲಿ ಮೊದಲು ಪೂರ್ಣಾಂಕದ ಸ್ಕೇಲ್ ಮಾತ್ರ ಇತ್ತು. ಒಂದೂವರೆ ಪಟ್ಟು ಬೇಕಿದ್ದರೆ ಆ್ಯಪ್ ಎರಡು ಪಟ್ಟು ದೊಡ್ಡದಾಗಿ ಬರೆಯಬೇಕು, ಆಮೇಲೆ ಕಂಪೋಸಿಟರ್, ಅಂದರೆ ಎಲ್ಲಾ ಕಿಟಕಿಗಳನ್ನು ಸ್ಕ್ರೀನಿನಲ್ಲಿ ಜೋಡಿಸುವ ಪ್ರೋಗ್ರಾಮ್, ಅದನ್ನು ಕುಗ್ಗಿಸಬೇಕು. ಮಸುಕು ಬರುವುದೇ ಅಲ್ಲಿ. 2022ರ ನವೆಂಬರಿನಲ್ಲಿ ಬಂದ ವೇಲ್ಯಾಂಡ್ ಪ್ರೋಟೋಕಾಲ್ಸ್ 1.31ರಲ್ಲಿ ಭಿನ್ನರಾಶಿ ಸ್ಕೇಲಿಗೆ ಬೇರೆಯದೇ ಪ್ರೋಟೋಕಾಲ್ ಸೇರಿತು. ನನ್ನ ಫ್ರೇಮ್‌ವರ್ಕಿನಲ್ಲಿ ಅದರ ಬೆಂಬಲ ಸರಿಯಾಗಿ ಬಂದಿದ್ದು ಈ ಬೀಟಾದಲ್ಲಿ. ರೆಡಿ ಪ್ಯಾಕೇಜ್ ಇನ್ನೂ ಎಲ್ಲೂ ಇರಲಿಲ್ಲ. ಸರಿ, ಸೋರ್ಸೇ ಗತಿ.

ಬಿಲ್ಡ್ ಸೂಚನೆಗಳು ಯಾವಾಗಲೂ ಬಹಳ ಚಿಕ್ಕದಾಗಿರುತ್ತವೆ. ಕ್ಲೋನ್ ಮಾಡಿ (ಸೋರ್ಸನ್ನು ಇಳಿಸಿಕೊಳ್ಳಿ), ಕಾನ್ಫಿಗರ್ ಮಾಡಿ (ಬೇಕಾದ್ದೆಲ್ಲ ಇದೆಯಾ ಎಂದು ಪರೀಕ್ಷಿಸಿ ತಯಾರಿ ಮಾಡಿ), ಬಿಲ್ಡ್ ಮಾಡಿ, ಇನ್‌ಸ್ಟಾಲ್ ಮಾಡಿ. ಈ ನಾಲ್ಕು ಸಾಲುಗಳ ಮಧ್ಯೆ ಎಷ್ಟು ಜಾಗ ಇದೆ ಅನ್ನುವುದು ಇಳಿದ ಮೇಲೇ ಗೊತ್ತಾಗುವುದು.

ಮೊದಲ ಹೆಜ್ಜೆಯಲ್ಲೇ ಒಂದು ಎಚ್ಚರಿಕೆ. ಬೀಟಾ ಟ್ಯಾಗಿನ (ಆ ಆವೃತ್ತಿಗೆ ಹಚ್ಚಿದ ಗುರುತು) ಪಕ್ಕದಲ್ಲಿ ಸಾಮಾನ್ಯವಾಗಿ ಜಿಪ್ ಫೈಲ್ ಸಿಗುತ್ತದೆ. ನೋಡಲು ಚಿಕ್ಕದು, ಬೇಗ ಇಳಿಯುತ್ತದೆ. ಅದನ್ನು ಮುಟ್ಟಬೇಡಿ. ಪ್ರಾಜೆಕ್ಟು ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಸಬ್‌ಮಾಡ್ಯೂಲ್, ಅಂದರೆ ಒಳಗೆ ಜೋಡಿಸಿದ ಬೇರೆ ಪ್ರಾಜೆಕ್ಟುಗಳನ್ನು, ಬಳಸುತ್ತಿದ್ದರೆ, ತಾನಾಗಿ ತಯಾರಾಗುವ ಇಂಥ ಜಿಪ್‌ನಲ್ಲಿ ಅವು ಇರುವುದಿಲ್ಲ, ಆ ಫೋಲ್ಡರುಗಳು ಖಾಲಿ ಇರುತ್ತವೆ. ಗಿಟ್‌ನಿಂದಲೇ ಕ್ಲೋನ್ ಮಾಡಿ, ಬೀಟಾ ಟ್ಯಾಗನ್ನು ಚೆಕ್‌ಔಟ್ ಮಾಡಿ, ಆಮೇಲೆ ಸಬ್‌ಮಾಡ್ಯೂಲ್ ಅಪ್‌ಡೇಟ್ ಕಮಾಂಡನ್ನು ಇನಿಟ್ ಮತ್ತು ರಿಕರ್ಸಿವ್ ಆಯ್ಕೆಗಳ ಜೊತೆ ಓಡಿಸಿ. ಈ ಕ್ರಮ ಮುಖ್ಯ. ಟ್ಯಾಗ್ ಬದಲಾಯಿಸಿದ ಮೇಲೆ ಸಬ್‌ಮಾಡ್ಯೂಲ್‌ಗಳನ್ನು ಮತ್ತೆ ಅಪ್‌ಡೇಟ್ ಮಾಡದಿದ್ದರೆ ಒಳಗಿನ ತುಂಡುಗಳು ಬೇರೆ ಕಾಲದವೇ ಆಗಿ ಉಳಿಯುತ್ತವೆ. ಫೋಲ್ಡರಿನ ಹೆಸರಿನಲ್ಲಿ ಸ್ಪೇಸ್ ಇರದಂತೆಯೂ ನೋಡಿಕೊಳ್ಳಿ. ಇವತ್ತಿಗೂ ಎಷ್ಟೋ ಬಿಲ್ಡ್ ಸ್ಕ್ರಿಪ್ಟುಗಳು ಸ್ಪೇಸ್ ಕಂಡರೆ ಎಡವುತ್ತವೆ.

ಕ್ಲೋನ್ ಇಳಿಯಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ನಾನು ಡಿಸ್ಕ್ ಜಾಗ ಬಿಡಿಸಿಕೊಂಡೆ. ಸೋರ್ಸಿಗಿಂತ ಬಿಲ್ಡ್ ಫೋಲ್ಡರ್ ಎಷ್ಟೋ ಪಟ್ಟು ಜಾಸ್ತಿ ತಿನ್ನುತ್ತದೆ, ಅದರಲ್ಲೂ ಡೀಬಗ್ ಮಾಹಿತಿ ಸೇರಿಸಿದರೆ. ಫ್ರೇಮ್‌ವರ್ಕಿನ ಒಳಗೇ ಕೈಯಾಡಿಸುವ ಉದ್ದೇಶ ಇಲ್ಲದಿದ್ದರೆ ರಿಲೀಸ್ ಬಿಲ್ಡ್ ಸಾಕು. ಬಿಲ್ಡ್ ಟೈಪ್ ಏನೂ ಕೊಡದೆ ಬಿಟ್ಟರೆ ಕೆಲವು ಪ್ರಾಜೆಕ್ಟುಗಳು ಡೀಬಗ್ ಅಂದುಕೊಳ್ಳುತ್ತವೆ, ಕೆಲವು ಆಪ್ಟಿಮೈಸೇಶನ್ ಇಲ್ಲದೆ ಬಿಲ್ಡ್ ಮಾಡುತ್ತವೆ. ಬಾಯಿಬಿಟ್ಟು ಹೇಳಿಬಿಡುವುದು ಒಳ್ಳೆಯದು.

ಕಾನ್ಫಿಗರ್ ಶುರು ಮಾಡಿದ ಕೂಡಲೇ ಮೊದಲ ತಡೆ. ಬಿಲ್ಡಿಗೆ ತಯಾರಿ ಮಾಡುವ ಸಾಧನ ಸೀಮೇಕ್, ನನ್ನ ಸಿಸ್ಟಮ್ಮಿನಲ್ಲಿ ಇದ್ದದ್ದು ಹಳೆಯದು, ಇನ್ನೂ ಹೊಸದು ಬೇಕು ಅಂದಿತು. ಲಿನಕ್ಸ್ ವಿತರಣೆಗಳ ದೀರ್ಘಾವಧಿ ಆವೃತ್ತಿಗಳಲ್ಲಿ ಇದು ಮಾಮೂಲು. ಅವರು ಸ್ಥಿರತೆಗಾಗಿ ಹಳೆಯದನ್ನೇ ಇಟ್ಟುಕೊಂಡಿರುತ್ತಾರೆ, ಬೀಟಾದವರು ತುದಿಯಲ್ಲಿ ಇರುತ್ತಾರೆ. ಸೀಮೇಕ್ ಹೊಸದು ಬೇಕಾದರೆ ಸುಲಭದ ದಾರಿ ಪಿಪ್, ಅಂದರೆ ಪೈಥಾನ್ ಪ್ಯಾಕೇಜುಗಳನ್ನು ಹಾಕುವ ಸಾಧನ. ಒಂದು ಪೈಥಾನ್ ವರ್ಚುಯಲ್ ಎನ್ವಿರಾನ್‌ಮೆಂಟ್ ಮಾಡಿಕೊಂಡು ಅದರಲ್ಲಿ ಹಾಕಿದರೆ ಸಿಸ್ಟಮ್ಮಿನ ಸೀಮೇಕ್ ಹಾಗೇ ಇರುತ್ತದೆ. ಹಾಕಿದ ಮೇಲೂ ಹಳೇ ಆವೃತ್ತಿಯೇ ತೋರಿಸುತ್ತಿದ್ದರೆ ಗಾಬರಿ ಬೇಡ. ಟರ್ಮಿನಲ್ಲಿನಲ್ಲಿ ಕಮಾಂಡುಗಳನ್ನು ಓಡಿಸುವ ಬ್ಯಾಶ್, ಒಮ್ಮೆ ಕಂಡ ಕಮಾಂಡ್ ಎಲ್ಲಿದೆ ಎನ್ನುವುದನ್ನು ನೆನಪಿಟ್ಟುಕೊಂಡಿರುತ್ತದೆ. ಹೊಸ ಟರ್ಮಿನಲ್ ತೆರೆದು ಆ ಎನ್ವಿರಾನ್‌ಮೆಂಟನ್ನು ಮತ್ತೆ ಚಾಲೂ ಮಾಡಿದರೆ ಸರಿಹೋಗುತ್ತದೆ.

ಪಿಪ್ ಕೊಟ್ಟಿದ್ದು ಸೀಮೇಕ್ 4. ಈ ಅಂಕಿ ನೆನಪಿರಲಿ, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ.

ಈಗ ಕಾನ್ಫಿಗರ್ ಮುಂದೆ ಹೋಯಿತು, ಸಿಗಲಿಲ್ಲ ಸಿಗಲಿಲ್ಲ ಅನ್ನುವ ಸಾಲುಗಳು ಸಾಲಾಗಿ ಬಂದವು. ಫಾಂಟ್ ಲೈಬ್ರರಿ ಸಿಗಲಿಲ್ಲ, ಕೀಬೋರ್ಡ್ ಲೈಬ್ರರಿ ಸಿಗಲಿಲ್ಲ. ಅವೆಲ್ಲ ನನ್ನ ಕಂಪ್ಯೂಟರಿನಲ್ಲಿ ಇದ್ದವು, ಇಲ್ಲದಿದ್ದರೆ ಡೆಸ್ಕ್‌ಟಾಪೇ ಬರುತ್ತಿರಲಿಲ್ಲ. ಹೊಸಬರು ಇಲ್ಲಿ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಡೆಬಿಯನ್, ಉಬುಂಟುಗಳಲ್ಲಿ ಲೈಬ್ರರಿಯನ್ನು ಓಡಿಸುವ ಪ್ಯಾಕೇಜೇ ಬೇರೆ, ಅದನ್ನು ಇಟ್ಟುಕೊಂಡು ಬಿಲ್ಡ್ ಮಾಡಲು ಬೇಕಾದ ಹೆಡರುಗಳ (ಲೈಬ್ರರಿಯಲ್ಲಿ ಏನೇನಿದೆ ಎಂದು ಹೇಳುವ ಫೈಲುಗಳು) ಪ್ಯಾಕೇಜೇ ಬೇರೆ. ಎರಡನೆಯದರ ಹೆಸರಿನ ಕೊನೆಗೆ ‘ಡೆವ್’ ಇರುತ್ತದೆ. ಫೆಡೋರಾದಲ್ಲಿ ‘ಡೆವೆಲ್’. ಸೀಮೇಕ್ ಹುಡುಕುವುದು ಇದನ್ನು. ಯಾವ ಪ್ಯಾಕೇಜಿನಲ್ಲಿ ಯಾವ ಹೆಡರ್ ಇದೆ ಅಂತ ತಿಳಿಯದಿದ್ದರೆ ಆ್ಯಪ್ಟ್-ಫೈಲ್ ಎನ್ನುವ ಸಾಧನಕ್ಕೆ ಹೆಡರಿನ ಹೆಸರು ಕೊಟ್ಟರೆ ಅದು ಹೇಳುತ್ತದೆ. ಅಂದಾಜಿನ ಮೇಲೆ ಒಂದೊಂದೇ ಹಾಕುವುದಕ್ಕಿಂತ ಇದು ಎಷ್ಟೋ ವಾಸಿ.

ಒಂದೊಂದಾಗಿ ಸೇರಿಸುತ್ತಾ ಹೋದೆ. ಕೊನೆಗೆ ಕಾನ್ಫಿಗರ್ ಯಶಸ್ವಿ ಎಂದು ಬಂತು. ಖುಷಿಯಾಯಿತು, ಆದರೆ ಮೇಲಕ್ಕೆ ಸ್ಕ್ರೋಲ್ ಮಾಡಿ ನೋಡಿದರೆ ಸಾರಾಂಶದಲ್ಲಿ ವೇಲ್ಯಾಂಡ್ ಎದುರು ‘ನೋ’ ಅಂತ ಇತ್ತು.

ಈ ಇಡೀ ಅನುಭವದಲ್ಲಿ ನನಗೆ ಅತಿ ಅಪಾಯಕಾರಿ ಅನ್ನಿಸಿದ್ದು ಇದೇ. ಕಡ್ಡಾಯವಾದ ಲೈಬ್ರರಿ ಇಲ್ಲದಿದ್ದರೆ ಕಾನ್ಫಿಗರ್ ನಿಲ್ಲುತ್ತದೆ, ನಮಗೆ ಗೊತ್ತಾಗುತ್ತದೆ. ಐಚ್ಛಿಕವಾದದ್ದು ಇಲ್ಲದಿದ್ದರೆ ಅದು ಆ ಸೌಲಭ್ಯವನ್ನು ಸದ್ದಿಲ್ಲದೆ ಕೈಬಿಟ್ಟು ಮುಂದೆ ಹೋಗುತ್ತದೆ. ಗಂಟೆಗಟ್ಟಲೆ ಬಿಲ್ಡ್ ಆಗುತ್ತದೆ, ತಪ್ಪೇ ಇರುವುದಿಲ್ಲ, ಕೊನೆಗೆ ಬೇಕಾಗಿದ್ದೇ ಅದರಲ್ಲಿ ಇರುವುದಿಲ್ಲ. ಹಾಗಾಗಿ ಬಿಲ್ಡ್ ಬಟನ್ ಒತ್ತುವ ಮೊದಲು ಆ ಸಾರಾಂಶವನ್ನು ಸಾಲು ಸಾಲಾಗಿ ಓದಿ. ಇನ್ನೂ ಒಳ್ಳೆಯದು, ನಿಮಗೆ ಬೇಕೇ ಬೇಕಾದ ಸೌಲಭ್ಯಕ್ಕೆ ‘ಆನ್’ ಎಂದು ಸ್ಪಷ್ಟವಾಗಿ ಆಯ್ಕೆ ಕೊಡಿ. ಚೆನ್ನಾಗಿ ಬರೆದ ಪ್ರಾಜೆಕ್ಟುಗಳಲ್ಲಿ ಹಾಗೆ ಕೊಟ್ಟರೆ, ಲೈಬ್ರರಿ ಸಿಗದಾಗ ಸುಮ್ಮನಾಗುವ ಬದಲು ಎರರ್ ಬರುತ್ತದೆ. ಎರರ್ ಬರುವುದು ಇಲ್ಲಿ ಉಪಕಾರ.

‘ಆನ್’ ಕೊಟ್ಟು ನೋಡಿದಾಗ ಕಾರಣ ಹೊರಬಿತ್ತು. ವೇಲ್ಯಾಂಡ್ ಪ್ರೋಟೋಕಾಲ್ಸ್ ಪ್ಯಾಕೇಜು 1.31ಕ್ಕಿಂತ ಹಳೆಯದು. ಇದು ದೊಡ್ಡ ಲೈಬ್ರರಿಯೇನಲ್ಲ, ಬಹುಪಾಲು ಎಕ್ಸ್‌ಎಂಎಲ್ ಫೈಲುಗಳು. ಹೊಸದರ ಸೋರ್ಸ್ ತಂದು ಮೆಸಾನ್ ಎಂಬ ಇನ್ನೊಂದು ಬಿಲ್ಡ್ ಸಾಧನದಿಂದ ನನ್ನ ಹೋಮ್ ಫೋಲ್ಡರಿನ ಒಳಗೆ ಇನ್‌ಸ್ಟಾಲ್ ಮಾಡಿದೆ. ಇನ್‌ಸ್ಟಾಲ್ ಆಯಿತು. ಮತ್ತೆ ಕಾನ್ಫಿಗರ್ ಮಾಡಿದರೆ ಮತ್ತೆ ಹಳೆಯದನ್ನೇ ಹಿಡಿಯಿತು.

ಇಂಥ ಲೈಬ್ರರಿಗಳನ್ನು ಹುಡುಕಲು ಬಿಲ್ಡ್ ವ್ಯವಸ್ಥೆ ಪಿಕೆಜಿ-ಕಾನ್ಫಿಗ್ ಎನ್ನುವ ಸಾಧನವನ್ನು ಕೇಳುತ್ತದೆ. ಅದು ‘ಪಿಸಿ’ ಎಂಬ ಎಕ್ಸ್‌ಟೆನ್ಶನ್ ಇರುವ ಚಿಕ್ಕ ಫೈಲುಗಳನ್ನು ಹುಡುಕುತ್ತದೆ. ಬೇರೆ ಜಾಗದಲ್ಲಿ ಇನ್‌ಸ್ಟಾಲ್ ಮಾಡಿದ್ದರೆ ಪಿಕೆಜಿ ಕಾನ್ಫಿಗ್ ಪಾತ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಆ ಜಾಗ ಹೇಳಬೇಕು. ಎಲ್ಲರೂ ಹೇಳುವ ಹಾಗೆ ‘ಲಿಬ್’ ಫೋಲ್ಡರಿನೊಳಗಿನ ‘ಪಿಕೆಜಿಕಾನ್ಫಿಗ್’ ಜಾಗವನ್ನು ಕೊಟ್ಟಿದ್ದೆ. ಆದರೆ ವೇಲ್ಯಾಂಡ್ ಪ್ರೋಟೋಕಾಲ್ಸ್‌ನಲ್ಲಿ ಕಂಪೈಲ್ ಆದ ಕೋಡೇ ಇಲ್ಲವಲ್ಲ, ಅದರ ಪಿಸಿ ಫೈಲ್ ಹೋಗಿ ಕೂರುವುದು ‘ಶೇರ್’ ಫೋಲ್ಡರಿನ ಕೆಳಗೆ. ಡೆಬಿಯನ್ ಬಳಗದಲ್ಲಿ ಮೆಸಾನ್ ಬೇರೆ ಲೈಬ್ರರಿಗಳನ್ನು ‘ಲಿಬ್’ ಒಳಗೆ ಪ್ರೊಸೆಸರಿನ ಹೆಸರಿರುವ ಇನ್ನೊಂದು ಫೋಲ್ಡರಿನಲ್ಲಿ ಇಡುತ್ತದೆ, ಅದು ಮತ್ತೊಂದು ತಲೆನೋವು. ಊಹೆ ಮಾಡುತ್ತಾ ಕೂರಬೇಡಿ. ಇನ್‌ಸ್ಟಾಲ್ ಆದ ಜಾಗದಲ್ಲಿ ಪಿಸಿ ಫೈಲನ್ನು ಹುಡುಕಿ, ಅದು ಇರುವ ಫೋಲ್ಡರನ್ನೇ ಕೊಡಿ. ಆಮೇಲೆ ಪಿಕೆಜಿ-ಕಾನ್ಫಿಗ್‌ಗೆ ಮಾಡ್‌ವರ್ಷನ್ ಆಯ್ಕೆ ಕೊಟ್ಟು ಯಾವ ಆವೃತ್ತಿ ಕಾಣುತ್ತಿದೆ ಎಂದು ನೇರ ಕೇಳಿ. ಉತ್ತರ ಸರಿ ಬಂದರೆ ಮಾತ್ರ ಮುಂದೆ ಹೋಗಿ.

ವೇಲ್ಯಾಂಡ್ ಎದುರು ‘ಯೆಸ್’ ಬಂತು. ಅದರ ಬೆನ್ನಿಗೇ ಸೀಮೇಕ್ ಇನ್ನೊಂದು ಎರರ್ ಎಸೆಯಿತು: ಸೀಮೇಕ್ 3.5ಕ್ಕಿಂತ ಹಳೆಯದರ ಜೊತೆ ಹೊಂದಾಣಿಕೆಯನ್ನು ತೆಗೆದುಹಾಕಲಾಗಿದೆ.

ಫ್ರೇಮ್‌ವರ್ಕು ಹೊಸ ಸೀಮೇಕ್ ಕೇಳಿತು ಅಂತ ತಾನೇ ಹೊಸದು ತಂದಿದ್ದು? 2025ರ ಮಾರ್ಚಿನಲ್ಲಿ ಬಂದ ಸೀಮೇಕ್ 4.0, 3.5ಕ್ಕಿಂತ ಹಳೇ ಆವೃತ್ತಿಗಾಗಿ ಬರೆದ ಪ್ರಾಜೆಕ್ಟುಗಳನ್ನು ಒಪ್ಪುವುದಿಲ್ಲ. ಫ್ರೇಮ್‌ವರ್ಕಿನ ಹೊಟ್ಟೆಯೊಳಗೆ ವರ್ಷಗಳಿಂದ ಯಾರೂ ಮುಟ್ಟದ ಒಂದು ಚಿಕ್ಕ ಮೂರನೆಯವರ ಲೈಬ್ರರಿ ಇತ್ತು. ಅದು ಅಂಥದ್ದು, ವೇಲ್ಯಾಂಡ್ ಆನ್ ಆದ ಮೇಲಷ್ಟೇ ಬಿಲ್ಡಿಗೆ ಸೇರಿಕೊಂಡಿತ್ತು. ಹಳೇ ಸೀಮೇಕ್ ಇದ್ದರೆ ಹೊರಗಿನ ಕೋಡ್ ಬೇಡ ಅನ್ನುತ್ತದೆ, ಹೊಸದು ಇದ್ದರೆ ಒಳಗಿನ ಕೋಡನ್ನು ಸೀಮೇಕೇ ಬೇಡ ಅನ್ನುತ್ತದೆ. ಅತ್ತ ದರಿ, ಇತ್ತ ಪುಲಿ.

ದಾರಿ ಎರಡಿವೆ. ಪಾಲಿಸಿ ವರ್ಷನ್ ಮಿನಿಮಮ್ ಎಂಬ ಸೀಮೇಕ್ ವೇರಿಯಬಲ್ಲಿಗೆ 3.5 ಎಂದು ಕೊಟ್ಟರೆ ಸೀಮೇಕ್ 4 ನಿಲ್ಲದೆ ಹಳೆಯದನ್ನೂ ಓದುತ್ತದೆ. ಈ ವೇರಿಯಬಲ್ ಬಂದಿದ್ದೇ ಇಂಥ ಸಂದರ್ಭಕ್ಕೆ. ಇಲ್ಲವೇ ಪಿಪ್‌ನಲ್ಲಿ 4ಕ್ಕಿಂತ ಕಡಿಮೆ ಎಂದು ಹೇಳಿ 3.31 ಹಾಕಿಕೊಳ್ಳಬಹುದು. ಅದು 3ರ ಸಾಲಿನ ಕೊನೆಯದು, ಅಲ್ಲಿ ಇದು ಬರೀ ವಾರ್ನಿಂಗ್. ನಾನು 3.31 ಹಿಡಿದೆ. ಬೀಟಾ ಜೊತೆ ಹೆಣಗುವಾಗ ಸಾಧನಗಳಾದರೂ ಸ್ಥಿರವಾಗಿರಲಿ ಎನ್ನುವುದು ನನ್ನ ಲೆಕ್ಕ. ಹೊಸ ಫ್ರೇಮ್‌ವರ್ಕಿಗೆ ಎಲ್ಲದರದೂ ತೀರಾ ಹೊಸ ಆವೃತ್ತಿ ಬೇಕು ಎಂದು ಭಾವಿಸುವುದು ಸರಿಯಲ್ಲ. ಅದನ್ನು ಬರೆಯುತ್ತಿದ್ದವರ ಕಂಪ್ಯೂಟರಿನಲ್ಲಿ ಆಗ ಏನಿತ್ತೋ ಅದು ಬೇಕು. ಪ್ರಾಜೆಕ್ಟಿನ ಸ್ವಯಂಚಾಲಿತ ಪರೀಕ್ಷೆಗಳ ಕಾನ್ಫಿಗರೇಶನ್ ಫೈಲ್ ಸೋರ್ಸಿನ ಜೊತೆಗೇ ಇರುತ್ತದೆ. ಯಾವ ವಿತರಣೆ, ಯಾವ ಕಂಪೈಲರ್, ಯಾವ ಪ್ಯಾಕೇಜುಗಳು ಎಲ್ಲಾ ಅದರಲ್ಲಿ ಬರೆದಿರುತ್ತದೆ. ಸೂಚನೆಗಳ ಪುಟಕ್ಕಿಂತ ನಾನು ಈಗ ಆ ಫೈಲನ್ನೇ ಜಾಸ್ತಿ ನಂಬುತ್ತೇನೆ. ಪುಟ ಹಳತಾಗಬಹುದು, ಪರೀಕ್ಷೆ ಹಳತಾದರೆ ಓಡುವುದೇ ಇಲ್ಲ.

ಕಾನ್ಫಿಗರ್ ದಾಟಿ ಬಿಲ್ಡ್ ಶುರುವಾಯಿತು. ಕಂಪೈಲ್ ಕೆಲಸಗಳನ್ನು ಓಡಿಸುವ ನಿಂಜಾ ಎಂಬ ಸಾಧನದ ಎಣಿಕೆ ಏರತೊಡಗಿತು. ಸ್ವಲ್ಪದರಲ್ಲೇ ನಿಂತಿತು. ‘ಫಾರ್ಮ್ಯಾಟ್’ ಎಂಬ ಹೆಡರ್ ಇಲ್ಲವಂತೆ. ಇದು ಬೇರೆ ಲೈಬ್ರರಿಯದಲ್ಲ, ಸಿ ಪ್ಲಸ್ ಪ್ಲಸ್ 20ರ ಪ್ರಮಾಣಿತ ಲೈಬ್ರರಿಯದು. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ನನ್ನ ಕಂಪೈಲರ್ ಜಿಸಿಸಿ. ಅದರಲ್ಲಿ ಈ ಹೆಡರ್ ಬಂದದ್ದು 13ನೇ ಆವೃತ್ತಿಯಲ್ಲಿ, ನನ್ನಲ್ಲಿದ್ದದ್ದು 11. ಕಂಪೈಲರ್ ಸಿ ಪ್ಲಸ್ ಪ್ಲಸ್ 20 ಆಯ್ಕೆಯನ್ನು ಒಪ್ಪಿಕೊಳ್ಳುತ್ತದೆ ಅಂದ ಮಾತ್ರಕ್ಕೆ ಆ ಪ್ರಮಾಣದ ಎಲ್ಲವೂ ಅದರಲ್ಲಿ ಇದೆ ಅಂತ ಅಲ್ಲ.

ಜಿಸಿಸಿ 13 ಹಾಕಿಕೊಂಡೆ. ಹಳೆಯದರ ಪಕ್ಕದಲ್ಲೇ ಅದು ಇರಬಹುದು, ತೊಂದರೆ ಇಲ್ಲ. ಹೊಸ ಕಂಪೈಲರಿನ ಹೆಸರನ್ನು ಎನ್ವಿರಾನ್‌ಮೆಂಟಿನಲ್ಲಿ ಕೊಟ್ಟು ಮತ್ತೆ ಕಾನ್ಫಿಗರ್ ಮಾಡಿದರೆ ಅದೇ ಎರರ್. ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಸೀಮೇಕ್ ಮೊದಲ ಸಲ ಕಂಡುಕೊಂಡ ಕಂಪೈಲರನ್ನು ಬಿಲ್ಡ್ ಫೋಲ್ಡರಿನೊಳಗೆ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಎನ್ವಿರಾನ್‌ಮೆಂಟಿನಲ್ಲಿ ಏನೇ ಬದಲಾಯಿಸಿದರೂ ತಿರುಗಿ ನೋಡುವುದಿಲ್ಲ. ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಬೇಕು, ಇಲ್ಲವೇ ಸೀಮೇಕ್ 3.24ರಿಂದ ಇರುವ ‘ಫ್ರೆಶ್’ ಆಯ್ಕೆ ಬಳಸಬೇಕು. ಏನೋ ಬದಲಾಯಿಸಿದೆ, ಫಲ ಒಂದಿಷ್ಟೂ ಬದಲಾಗಲಿಲ್ಲ ಅನ್ನಿಸಿದರೆ ಮೊದಲ ಅನುಮಾನ ಸೀಮೇಕ್ ಹೀಗೆ ಬರೆದಿಟ್ಟುಕೊಂಡ ಕ್ಯಾಶಿನ ಮೇಲೇ ಇರಲಿ.

ಜಿಸಿಸಿ 13 ಬಂತಲ್ಲ, ಇನ್ನೇನು ಎಂದುಕೊಂಡರೆ ಮತ್ತೆ ಅದೇ ಕಥೆಯ ಇನ್ನೊಂದು ರೂಪ. ಈ ಸಲ ಒಳಗಿನ ಇನ್ನೊಂದು ಲೈಬ್ರರಿ. 32 ಬಿಟ್ ಪೂರ್ಣಾಂಕದ ಟೈಪ್ ಗೊತ್ತೇ ಇಲ್ಲ ಅನ್ನುತ್ತಿತ್ತು ಕಂಪೈಲರ್. ಅದಕ್ಕೆ ಬೇಕಾದ್ದು ‘ಸಿಎಸ್‌ಟಿಡಿಇಂಟ್’ ಎಂಬ ಹೆಡರ್. ಆ ಲೈಬ್ರರಿಯವರು ಅದನ್ನು ಇನ್‌ಕ್ಲೂಡ್ ಮಾಡಿರಲಿಲ್ಲ, ಆದರೂ ಇಷ್ಟು ದಿನ ಕೆಲಸ ನಡೆಯುತ್ತಿತ್ತು. ಯಾಕೆಂದರೆ ಜಿಸಿಸಿಯ ಬೇರೆ ಹೆಡರುಗಳು ಅದನ್ನು ತಮ್ಮೊಳಗೇ ಎಳೆದುಕೊಂಡು ಬರುತ್ತಿದ್ದವು. 13ರಲ್ಲಿ ಆ ಒಳಸಂಬಂಧಗಳನ್ನು ಕಡಿಮೆ ಮಾಡಿದರು. ನೂರಾರು ಪ್ರಾಜೆಕ್ಟುಗಳಿಗೆ ಈ ಪೆಟ್ಟು ಬಿದ್ದಿದೆ, ಜಿಸಿಸಿಯವರು ತಮ್ಮ ಬದಲಾವಣೆ ಟಿಪ್ಪಣಿಯಲ್ಲೂ ಹೇಳಿದ್ದಾರೆ. ಆ ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ ಆಯಿತು. ಫೈಲುಗಳು ಬಹಳ ಇದ್ದರೆ, ಎಲ್ಲದಕ್ಕೂ ಆ ಹೆಡರನ್ನು ತಾನಾಗಿ ಸೇರಿಸುವಂತೆ ಕಂಪೈಲರಿಗೇ ಇನ್‌ಕ್ಲೂಡ್ ಆಯ್ಕೆ ಕೊಡಬಹುದು. ಅದನ್ನು ಸಿ ಪ್ಲಸ್ ಪ್ಲಸ್ ಫ್ಲ್ಯಾಗುಗಳಲ್ಲಿ ಮಾತ್ರ ಕೊಡಿ. ಬರೀ ಸಿ ಫೈಲುಗಳಿಗೂ ಹೋದರೆ ಅವು ಮುರಿಯುತ್ತವೆ.

ಇಷ್ಟು ಹೊತ್ತಿಗೆ ನನಗೆ ಒಂದು ವಿನ್ಯಾಸ ಕಾಣತೊಡಗಿತ್ತು. ಬೀಟಾ ಹೊಸ ಸಾಧನ ಕೇಳುತ್ತದೆ. ಆ ಹೊಸ ಸಾಧನ ಬೀಟಾದ ಒಳಗಿರುವ ಹಳೇ ತುಂಡುಗಳನ್ನು ಒಪ್ಪುವುದಿಲ್ಲ. ಫ್ರೇಮ್‌ವರ್ಕಿನವರು ತಾವು ಬರೆದ ಹೊಸ ಕೋಡನ್ನು ದಿನವೂ ನೋಡುತ್ತಿರುತ್ತಾರೆ. ಎಂದೋ ತಂದಿಟ್ಟ ಲೈಬ್ರರಿಯನ್ನು ಯಾರು ನೋಡುತ್ತಾರೆ? ಹಾಗಾಗಿ ಎರರ್ ಬಂದಾಗ ನಾನು ಮೊದಲು ಫೈಲಿನ ಪಾತ್ ಓದುವುದನ್ನು ರೂಢಿ ಮಾಡಿಕೊಂಡೆ. ‘ಥರ್ಡ್ ಪಾರ್ಟಿ’ ಅಂತ ಫೋಲ್ಡರ್ ಕಂಡರೆ ಅರ್ಧ ಉತ್ತರ ಸಿಕ್ಕ ಹಾಗೆ. ಹೆಚ್ಚಿನ ಕಡೆ ಆ ಲೈಬ್ರರಿಯ ಮೂಲದವರು ಅದನ್ನು ಆಗಲೇ ಸರಿಪಡಿಸಿರುತ್ತಾರೆ. ಕೆಲವು ಪ್ರಾಜೆಕ್ಟುಗಳಲ್ಲಿ ಒಳಗೆ ಇಟ್ಟ ನಕಲನ್ನು ಬಿಟ್ಟು ಸಿಸ್ಟಮ್ಮಿನ ಲೈಬ್ರರಿಯನ್ನೇ ಬಳಸು ಎಂದು ಹೇಳುವ ಆಯ್ಕೆಯೂ ಇರುತ್ತದೆ.

ಎರರ್ ಓದುವ ಬಗ್ಗೆ ಇನ್ನೊಂದು ಮಾತು. ಒಟ್ಟೊಟ್ಟಿಗೆ ಹಲವು ಫೈಲು ಕಂಪೈಲ್ ಆಗುತ್ತಿರುವಾಗ ಒಂದು ಸೋತರೂ ಉಳಿದವು ಮುಗಿಯುವವರೆಗೆ ನಡೆಯುತ್ತಿರುತ್ತವೆ, ಅವುಗಳ ವಾರ್ನಿಂಗುಗಳು ಬರುತ್ತಲೇ ಇರುತ್ತವೆ. ಕೊನೆಯ ಸಾಲು ನೋಡಿದರೆ ಬಿಲ್ಡ್ ನಿಂತಿತು ಅಂತ ಮಾತ್ರ ಇರುತ್ತದೆ. ಜನ ಆ ಕೊನೆಯ ಸಾಲನ್ನೇ ನಕಲು ಮಾಡಿ ಹುಡುಕುತ್ತಾರೆ, ಏನೂ ಸಿಗುವುದಿಲ್ಲ. ಔಟ್‌ಪುಟ್ ಎಲ್ಲವನ್ನೂ ಫೈಲಿಗೆ ಹಾಕಿ, ಅದರಲ್ಲಿ ‘ಫೇಲ್ಡ್’ ಎಂಬ ಪದವನ್ನು ಮೇಲಿನಿಂದ ಹುಡುಕಿ. ಮೊದಲು ಸಿಕ್ಕಿದ್ದೇ ನಿಜವಾದದ್ದು. ಅದೂ ಗೊಂದಲವಾದರೆ ನಿಂಜಾಗೆ ಒಂದೇ ಕೆಲಸ ಮಾಡು ಎಂದು ಹೇಳಿ ಓಡಿಸಿ. ಮುಗಿದದ್ದನ್ನು ಅದು ಮತ್ತೆ ಮಾಡುವುದಿಲ್ಲ, ನೇರ ಸೋತ ಜಾಗಕ್ಕೆ ಹೋಗಿ ನಿಲ್ಲುತ್ತದೆ. ವರ್ಬೋಸ್ ಆಯ್ಕೆ ಕೊಟ್ಟರೆ ಕಂಪೈಲರಿಗೆ ಹೋದ ಪೂರ್ತಿ ಕಮಾಂಡೂ ಕಾಣುತ್ತದೆ. ಯಾವ ಫೋಲ್ಡರಿನ ಹೆಡರ್ ಹೋಗುತ್ತಿದೆ ಎಂದು ಕಣ್ಣಾರೆ ನೋಡಬಹುದು.

ವಾರ್ನಿಂಗನ್ನೇ ಎರರ್ ಎಂದು ಎಣಿಸುವ ಪ್ರಾಜೆಕ್ಟುಗಳೂ ಇವೆ. ಹೊಸ ಕಂಪೈಲರ್ ಹೊಸ ಹೊಸ ವಾರ್ನಿಂಗ್ ಕೊಡುತ್ತದೆ, ಬಿಲ್ಡ್ ನಿಲ್ಲುತ್ತದೆ. ಬಳಸುವವರಿಗೆ ಈ ಕಟ್ಟುನಿಟ್ಟು ಬೇಡ, ಆಯ್ಕೆಯಲ್ಲಿ ಆಫ್ ಮಾಡಿ ಮುಂದೆ ಸಾಗಿ.

ಆಮೇಲೆ ಕಾಯುವ ಘಟ್ಟ. ಎಣಿಕೆ ಏರುತ್ತಿತ್ತು, ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಬೇರೇನೂ ಕೆಲಸ ಮಾಡಲು ಕಂಪ್ಯೂಟರ್ ಬಿಡುತ್ತಿರಲಿಲ್ಲ. ಮೌಸ್ ಅಲ್ಲಾಡಿಸಿದರೆ ಬಾಣ ತಡವಾಗಿ ಬರುತ್ತಿತ್ತು. ಎದ್ದು ಹೋಗಿ ಬಂದು ನೋಡಿದರೆ ಬಿಲ್ಡ್ ನಿಂತಿತ್ತು, ಎರರ್ ಜಾಗದಲ್ಲಿ ‘ಕಿಲ್ಡ್’ ಎಂಬ ಒಂದೇ ಪದ. ಯಾವ ಸಾಲು, ಯಾವ ತಪ್ಪು, ಏನೂ ಇಲ್ಲ. ಇದು ಕೋಡಿನ ತಪ್ಪಲ್ಲ. ಮೆಮೊರಿ ಮುಗಿದಾಗ ಲಿನಕ್ಸ್ ಕರ್ನಲ್ ಯಾವುದಾದರೂ ಪ್ರಕ್ರಿಯೆಯನ್ನು ಆರಿಸಿ ಕೊಲ್ಲುತ್ತದೆ, ಸಾಮಾನ್ಯವಾಗಿ ಅತಿ ಜಾಸ್ತಿ ಮೆಮೊರಿ ತಿನ್ನುತ್ತಿರುವುದನ್ನು. ಆ ಹೊತ್ತಿನಲ್ಲಿ ಅದು ಕಂಪೈಲರೇ ಆಗಿರುತ್ತದೆ. ಕರ್ನಲ್ ಲಾಗ್ ನೋಡಿದರೆ ಖಚಿತವಾಗುತ್ತದೆ.

ನಿಂಜಾ ಏನೂ ಹೇಳದಿದ್ದರೆ ಪ್ರೊಸೆಸರ್ ಎಣಿಕೆಗಿಂತ ಎರಡು ಜಾಸ್ತಿ ಕೆಲಸಗಳನ್ನು ಒಟ್ಟಿಗೆ ಹಚ್ಚುತ್ತದೆ. ನನ್ನದು 8 ಥ್ರೆಡ್, 8 ಜಿಬಿ ಮೆಮೊರಿ. ಅಂದರೆ 10 ಕಂಪೈಲರ್ ಒಟ್ಟಿಗೆ. ಟೆಂಪ್ಲೇಟ್ ತುಂಬಿದ ಸಿ ಪ್ಲಸ್ ಪ್ಲಸ್ ಫೈಲಿಗೆ ಒಂದೊಂದಕ್ಕೇ ಒಂದು ಜಿಬಿ ದಾಟುವುದು ಅಪರೂಪವಲ್ಲ. ನಾನು ಈಗ ಒಂದು ಕೆಲಸಕ್ಕೆ 2 ಜಿಬಿ ಎಂದು ಲೆಕ್ಕ ಹಾಕಿ ಜೆ ಆಯ್ಕೆಗೆ 4 ಕೊಡುತ್ತೇನೆ. ನಿಧಾನ ಆಗುತ್ತದೆ, ಆದರೆ ಮುಗಿಯುತ್ತದೆ. ಲಿಂಕ್ ಮಾಡುವ, ಅಂದರೆ ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಹೊತ್ತಿನಲ್ಲಿ ಮೆಮೊರಿ ಇನ್ನೂ ಜಾಸ್ತಿ ಬೇಕು. ಸೀಮೇಕ್‌ನಲ್ಲಿ ಜಾಬ್ ಪೂಲ್ ಅಂತ ಮಾಡಿ ಲಿಂಕಿಂಗ್ ಒಂದೊಂದೇ ನಡೆಯಲಿ ಎಂದು ಹೇಳಬಹುದು. ಒಂದಿಷ್ಟು ಸ್ವಾಪ್ ಜಾಗ ಇದ್ದರೂ ಉಸಿರಾಡಲು ಅನುಕೂಲ.

ಲಿಂಕಿಂಗ್‌ನಲ್ಲಿ ಇನ್ನೊಂದು ಕಾದಿತ್ತು. ಅನ್‌ಡಿಫೈನ್ಡ್ ರೆಫರೆನ್ಸ್, ಅಂದರೆ ಕರೆದದ್ದು ಎಲ್ಲೂ ಸಿಗುತ್ತಿಲ್ಲ ಎಂಬ ಎರರ್, ಒಂದು ಇಮೇಜ್ ಲೈಬ್ರರಿಯ ಫಂಕ್ಷನ್ನಿಗೆ. ಲೈಬ್ರರಿ ಇತ್ತು, ಡೆವ್ ಪ್ಯಾಕೇಜೂ ಇತ್ತು. ನಿಜ ಹೇಳಬೇಕೆಂದರೆ ಇಲ್ಲಿ ಬಿಟ್ಟುಬಿಡೋಣ ಅನ್ನಿಸಿತ್ತು. ಮಸುಕಾದ ಅಕ್ಷರದ ಜೊತೆ ಜನ ಇಷ್ಟು ದಿನ ಬದುಕಿಲ್ವಾ?

ಮರುದಿನ ವರ್ಬೋಸ್ ಔಟ್‌ಪುಟ್ ಇಟ್ಟುಕೊಂಡು ಕೂತಾಗ ಸುಳಿವು ಸಿಕ್ಕಿತು. ಡೇಟಾ ಕೆಲಸಕ್ಕೆಂದು ಇದೇ ಕಂಪ್ಯೂಟರಿನಲ್ಲಿ ಒಂದು ಪೈಥಾನ್ ಪರಿಸರ ಇದೆ. ಅದು ಬರೀ ಪೈಥಾನ್ ಅಲ್ಲ, ತನ್ನದೇ ಲೈಬ್ರರಿ, ತನ್ನದೇ ಹೆಡರುಗಳನ್ನೂ ಹೊತ್ತುಕೊಂಡು ಬರುವಂಥದ್ದು. ಟರ್ಮಿನಲ್ ತೆರೆದ ಕೂಡಲೇ ಅದು ತಾನಾಗಿ ಚಾಲೂ ಆಗುತ್ತಿತ್ತು. ಸೀಮೇಕ್ ಪ್ಯಾಕೇಜ್ ಹುಡುಕುವಾಗ ಪಾತ್ ವೇರಿಯಬಲ್ (ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಕೂಡ ನೋಡುತ್ತದೆ: ಅದರಲ್ಲಿ ‘ಬಿನ್’ ಎಂದು ಮುಗಿಯುವ ಫೋಲ್ಡರ್ ಕಂಡರೆ ಅದರ ಮೇಲಿನ ಫೋಲ್ಡರಿನಲ್ಲೂ ಹುಡುಕುತ್ತದೆ. ಹಾಗೆ ಹೆಡರನ್ನು ಪೈಥಾನ್ ಪರಿಸರದಿಂದ ತೆಗೆದುಕೊಂಡಿತ್ತು, ಲಿಂಕ್ ಮಾಡುವಾಗ ಸಿಸ್ಟಮ್ಮಿನ ಹಳೇ ಲೈಬ್ರರಿ ಸಿಕ್ಕಿತ್ತು. ಹೆಡರಿನಲ್ಲಿ ಇರುವ ಫಂಕ್ಷನ್ ಲೈಬ್ರರಿಯಲ್ಲಿ ಇಲ್ಲ. ಆ ಪರಿಸರ ಮುಚ್ಚಿ, ಫ್ರೆಶ್ ಆಗಿ ಕಾನ್ಫಿಗರ್ ಮಾಡಿದ ಮೇಲೆ ಎರರ್ ಹೋಯಿತು. ನಿಮಗೂ ಹೀಗೆ ಆದರೆ ಸೀಮೇಕ್ ಕ್ಯಾಶ್ ಫೈಲನ್ನು ಎಡಿಟರಿನಲ್ಲಿ ತೆರೆದು ನೀವು ನಿರೀಕ್ಷಿಸದ ಪಾತ್ ಯಾವುದಾದರೂ ಇದೆಯಾ ನೋಡಿ. ಸೀಮೇಕ್ 3.17ರಿಂದ ಡೀಬಗ್-ಫೈಂಡ್ ಆಯ್ಕೆ ಇದೆ, ಎಲ್ಲೆಲ್ಲಿ ಹುಡುಕಿತು ಎಂಬುದನ್ನು ಉದ್ದಕ್ಕೆ ಹೇಳುತ್ತದೆ. ಬಿಲ್ಡಿಗೆ ಅಂತಲೇ ಖಾಲಿ ಟರ್ಮಿನಲ್, ಅಥವಾ ಒಂದು ಕಂಟೇನರ್ ಇಟ್ಟುಕೊಂಡರೆ ಇವೆಲ್ಲ ಬರುವುದೇ ಇಲ್ಲ.

ಬಿಲ್ಡ್ ಮುಗಿಯಿತು. ಇನ್‌ಸ್ಟಾಲ್ ಮಾಡುವಾಗ ಪ್ರಿಫಿಕ್ಸನ್ನು (ಫೈಲುಗಳು ಹೋಗಿ ಕೂರುವ ಜಾಗ) ಹೋಮ್ ಫೋಲ್ಡರಿನ ಒಳಗೇ, ಬೀಟಾದ ಹೆಸರಿನ ಫೋಲ್ಡರಿಗೆ ಕೊಟ್ಟಿದ್ದೆ. ಸೂಡೋ ಹಾಕಿ ಸಿಸ್ಟಮ್ ಜಾಗಕ್ಕೆ ಬೀಟಾ ಸುರಿಯಬೇಡಿ. ಸೀಮೇಕ್ ತಾನಾಗಿ ಅನ್‌ಇನ್‌ಸ್ಟಾಲ್ ವ್ಯವಸ್ಥೆ ಕೊಡುವುದಿಲ್ಲ. ಏನೇನು ಎಲ್ಲಿಗೆ ಹೋಯಿತು ಎಂಬ ಪಟ್ಟಿಯನ್ನು ಬಿಲ್ಡ್ ಫೋಲ್ಡರಿನಲ್ಲಿ ಇಡುತ್ತದೆ ಅಷ್ಟೆ. ಬೇರೆ ಫೋಲ್ಡರ್ ಆದರೆ ಬೇಡವಾದಾಗ ಅಳಿಸಿದರೆ ಮುಗಿಯಿತು.

ಉದಾಹರಣೆ ಆ್ಯಪ್ ಬಿಲ್ಡ್ ಫೋಲ್ಡರಿನಿಂದ ಓಡಿತು, ಇನ್‌ಸ್ಟಾಲ್ ಆದ ಜಾಗದಿಂದ ಓಡಲಿಲ್ಲ. ಶೇರ್ಡ್ ಲೈಬ್ರರಿ ಸಿಗುತ್ತಿಲ್ಲ ಅಂದಿತು. ಇದಕ್ಕೂ ಕಾರಣ ಇದೆ: ಬಿಲ್ಡ್ ಫೋಲ್ಡರಿನ ಪ್ರೋಗ್ರಾಮುಗಳಲ್ಲಿ ಲೈಬ್ರರಿಯ ದಾರಿಯನ್ನು ಸೀಮೇಕ್ ಬರೆದಿಟ್ಟಿರುತ್ತದೆ, ಇನ್‌ಸ್ಟಾಲ್ ಮಾಡುವಾಗ ಬೇರೆ ಏನೂ ಹೇಳದಿದ್ದರೆ ಅದನ್ನು ಅಳಿಸುತ್ತದೆ. ಇನ್‌ಸ್ಟಾಲ್ ಆರ್‌ಪಾತ್ ಎಂಬ ವೇರಿಯಬಲ್‌ನಲ್ಲಿ ದಾರಿ ಕೊಟ್ಟು ಮತ್ತೆ ಇನ್‌ಸ್ಟಾಲ್ ಮಾಡಿದೆ. ಎಲ್‌ಡಿಡಿ ಕಮಾಂಡಿನಿಂದ ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ ಎಂದು ನೋಡಿ ಖಾತ್ರಿ ಮಾಡಿಕೊಂಡೆ.

ನನ್ನ ಡ್ರಾಯಿಂಗ್ ಆ್ಯಪನ್ನು ಹೊಸ ಫ್ರೇಮ್‌ವರ್ಕಿನ ಮೇಲೆ ಕಟ್ಟಿ ತೆರೆದೆ. 150 ಶೇಕಡದಲ್ಲಿ ಅಕ್ಷರಗಳು ಗರಿಗರಿಯಾಗಿ ಬಂದವು. ಮೆನು ತೆರೆದು ಮುಚ್ಚಿ, ತೆರೆದು ಮುಚ್ಚಿ ಬಹಳ ಹೊತ್ತು ನೋಡಿದೆ ಅಂತ ಹೇಳಿದರೆ ನಗುತ್ತೀರಿ.

ಇನ್ನೊಂದು ಲ್ಯಾಪ್‌ಟಾಪಿಗೆ ಅದೇ ಫೋಲ್ಡರನ್ನು ನಕಲು ಮಾಡಿ ಓಡಿಸಲು ಹೋದಾಗ ಮಾತ್ರ ಕೊನೆಯ ಆಶ್ಚರ್ಯ. ಜಿಎಲ್‌ಐಬಿಸಿಎಕ್ಸ್‌ಎಕ್ಸ್ 3.4.32 ಸಿಗಲಿಲ್ಲ ಎಂದಿತು. ಅದು ಜಿಸಿಸಿ 13.2ರ ಜೊತೆ ಬರುವ ಸಿ ಪ್ಲಸ್ ಪ್ಲಸ್ ಲೈಬ್ರರಿಯ ಗುರುತು, ಆ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಹಳೆಯದು. ಹೊಸ ಕಂಪೈಲರಿನಲ್ಲಿ ಮಾಡಿದ್ದು ಹಳೇ ಸಿಸ್ಟಮ್ಮಿನಲ್ಲಿ ಓಡುವ ಖಾತ್ರಿ ಇಲ್ಲ, ತಿರುಗಮುರುಗ ಆದರೆ ಸಾಮಾನ್ಯವಾಗಿ ಓಡುತ್ತದೆ. ಬೇರೆಯವರಿಗೆ ಹಂಚುವ ಉದ್ದೇಶ ಇದ್ದರೆ, ಅವರಲ್ಲಿ ಅತಿ ಹಳೇ ಸಿಸ್ಟಮ್ ಯಾವುದೋ ಅದರ ಮೇಲೆ ಬಿಲ್ಡ್ ಮಾಡಲು ಮೊದಲೇ ಯೋಚಿಸಿ. ನಾನು ಸದ್ಯಕ್ಕೆ ಆ ಲ್ಯಾಪ್‌ಟಾಪಿನ ಲೈಬ್ರರಿ ಅಪ್‌ಡೇಟ್ ಮಾಡಿ ಸುಮ್ಮನಾದೆ.

ಹೆಡರ್ ಬಿಟ್ಟುಹೋದ ವಿಷಯವನ್ನು ಪ್ರಾಜೆಕ್ಟಿಗೆ ವರದಿ ಮಾಡಿದೆ, ಒಂದು ಸಾಲಿನ ಪ್ಯಾಚ್ ಜೊತೆ. ಕಮಿಟ್ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಗುರುತು, ಕಂಪೈಲರ್ ಮತ್ತು ಸೀಮೇಕ್ ಆವೃತ್ತಿ, ಕಾನ್ಫಿಗರ್ ಸಾರಾಂಶ, ಮೊದಲ ಎರರ್, ಇಷ್ಟನ್ನು ಮೊದಲೇ ಕೊಟ್ಟಿದ್ದರಿಂದ ಮರುಪ್ರಶ್ನೆ ಬರಲಿಲ್ಲ. ಪ್ಯಾಚ್ ಒಳಗೆ ಹೋಯಿತು. ಸೀಮೇಕ್ 4ರ ತೊಂದರೆ ಮುಖ್ಯ ಬ್ರಾಂಚಿನಲ್ಲಿ ಆಗಲೇ ಸರಿಯಾಗಿತ್ತಂತೆ, ಬೀಟಾ ಟ್ಯಾಗಿಗೆ ಮಾತ್ರ ಬಂದಿರಲಿಲ್ಲ. ಟ್ಯಾಗಿನಲ್ಲಿ ಎರರ್ ಬಂದರೆ ಅದೇ ಫೈಲು ಮುಖ್ಯ ಬ್ರಾಂಚಿನಲ್ಲಿ ಹೇಗಿದೆ ಎಂದು ಒಂದು ಕ್ಷಣ ನೋಡಿ, ಆ ಒಂದು ಕಮಿಟ್ಟನ್ನು ಮಾತ್ರ ಚೆರ್ರಿ-ಪಿಕ್ ಮಾಡಿ ತಂದುಕೊಂಡರೆ ಕೆಲಸ ಆಗಿಬಿಡಬಹುದು.

ಮುಂದಿನ ಬೀಟಾಕ್ಕೆ ತಯಾರಿ ಮಾಡಿಟ್ಟಿದ್ದೇನೆ. ಎಲ್ಲಾ ಆಯ್ಕೆಗಳು, ಪಾತ್‌ಗಳು, ಪ್ಯಾಕೇಜ್ ಹೆಸರುಗಳು ಒಂದು ಶೆಲ್ ಸ್ಕ್ರಿಪ್ಟಿನಲ್ಲಿ ಇವೆ. ಸಿ-ಕ್ಯಾಶ್ ಕೂಡ ಜೋಡಿಸಿದ್ದೇನೆ. ಬದಲಾಗದ ಫೈಲುಗಳ ಫಲಿತಾಂಶವನ್ನು ಅದು ಇಟ್ಟುಕೊಂಡಿರುತ್ತದೆ, ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಶುರು ಮಾಡಿದರೂ ಅರ್ಧ ದಿನ ಕಾಯಬೇಕಿಲ್ಲ. ಅದನ್ನು ಮೊದಲ ಬಿಲ್ಡಿಗೆ ಮುಂಚೆಯೇ ಹಾಕಿಕೊಳ್ಳಿ, ಆಮೇಲೆ ಹಾಕಿದರೆ ಆಗಲೇ ಮುಗಿದ ಕಂಪೈಲುಗಳು ಅದರಲ್ಲಿ ಸೇರುವುದಿಲ್ಲ.